ಕೂಸು ಉಚ್ಚೆ ಹೊಯ್ಯುವ ತನಕ

ಇವತ್ತು ಎದ್ದ ಕೂಡಲೇ ನೀರೊಲೆ ಹಚ್ಚಿದೆ. ಹಾಲು ತಂದು ಕಾಯಿಸಿದೆ. ಕೂಸಿನ ಲಂಗೋಟಿಗಳನ್ನು ಬಿಸಿನೀರಲ್ಲಿ ಅದ್ದಿ ಒಗೆದು ಹಿತ್ತಲ ತಂತಿಗೆ ಹಾಕಿದೆ. ಬಾಣಂತಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿದ ಮೆಣಸಿನ ಸಾರು, ಮೆತ್ತನೆಯ ರೊಟ್ಟಿ ಮಾಡಿದೆ. ನಮ್ಮನೆಯವರ ಡಬ್ಬಿಗೆ ಚಿತ್ರಾನ್ನ ಕಲಸಿದೆ. ಕೂಸಿಗೆ ಎರೆದು, ಲೋಬಾನದ ಹೊಗೆ ತೋರಿಸಿ, ಬಟ್ಟೆ ಸುತ್ತಿ ಮಲಗಿಸಿದೆ. ಹಳೆಯ ಸ್ಕ್ಯಾನಿಂಗ್ ರಿಪೋರ್ಟುಗಳನ್ನೆಲ್ಲ ಸೀರೆ ಅಂಗಡಿಯ ಚೀಲದಲ್ಲಿಟ್ಟುಕೊಂಡೆ. ಮಗಳನ್ನೂ ಕೂಸನ್ನೂ ಕರೆದುಕೊಂಡು ಹರಿಹರದಿಂದ ದಾವಣಗೆರೆಗೆ ಹೋಗಿ ಬಂದೆ. ಬಂದ ಮೇಲೆ ಮತ್ತೆ ಲಂಗೋಟಿ ಒಗೆದೆ.

ಹೋಗಿ ಬಂದೆ ಅಂತ ಬರೆಯಲು ಒಂದು ಸಾಲು ಸಾಕು. ಸೊಂಟಕ್ಕೆ ಮಾತ್ರ ಅದು ಒಂದು ಸಾಲಲ್ಲಿ ಮುಗಿಯಲಿಲ್ಲ.

ಇದು ಶುರುವಾದದ್ದು ಮಗಳ ಐದನೇ ತಿಂಗಳ ಸ್ಕ್ಯಾನಿಂಗಿನಲ್ಲಿ. ಮಗಳನ್ನು ಕೊಟ್ಟಿರುವುದು ದಾವಣಗೆರೆಗೆ. ಅಳಿಯ ಕರೂರು ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಮಷಿನ್ ನೋಡಿಕೊಳ್ಳುತ್ತಾರೆ. ಅಳಿಯನ ತಾಯಿ, ಅಂದರೆ ನನ್ನ ಬೀಗಿತ್ತಿ, ಹದಡಿಯ ಕಡೆಯವರು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರಿರಬಹುದು, ಹಾಗಾಗಿ ನಾನು ಅಕ್ಕ ಅನ್ನುತ್ತೇನೆ, ಅವರು ನನಗೆ ತಂಗಿ ಅನ್ನುತ್ತಾರೆ. ಆ ದಿನ ನಾವಿಬ್ಬರೂ ಮಗಳ ಜೊತೆ ಹೋಗಿದ್ದೆವು. ಡಾಕ್ಟರಮ್ಮ ಮಗಳ ಹೊಟ್ಟೆಯ ಮೇಲೆ ಆ ಯಂತ್ರವನ್ನು ಒಂದೇ ಕಡೆ ಬಹಳ ಹೊತ್ತು ಆಡಿಸಿದಾಗಲೇ ನಾನು ಎದ್ದು ಮಗಳ ತಲೆಯ ಹತ್ತಿರ ಹೋಗಿ ನಿಂತೆ.

"ಮಗುವಿನ ಎರಡೂ ಕಿಡ್ನಿ ಊದಿಕೊಂಡಿವೆ. ಎಡಗಡೆಯದು ಸ್ವಲ್ಪ ಜಾಸ್ತಿ. ಮೂತ್ರ ಸರಿಯಾಗಿ ಕೆಳಗಿಳೀದೆ ಅಲ್ಲೇ ನಿಲ್ತಾ ಇದೆ," ಅಂದರು. "ಬಹಳಷ್ಟು ಮಕ್ಕಳಿಗೆ ತಾನಾಗಿಯೇ ಸರಿಹೋಗುತ್ತೆ. ಕೆಲವರಿಗೆ ಹುಟ್ಟಿದ ಮೇಲೆ ಆಪರೇಶನ್ ಬೇಕಾಗಬಹುದು. ಈಗಲೇ ಹೇಳೋಕೆ ಆಗಲ್ಲ. ನೋಡ್ತಾ ಇರೋಣ."

ಹೊರಗೆ ಬಂದು ಬೀಗಿತ್ತಿ ಬೆಂಚಿನ ಮೇಲೆ ಕೂತು ಸೆರಗು ಬಾಯಿಗಿಟ್ಟುಕೊಂಡು ಅತ್ತರು. "ನಮ್ಮ ಮನ್ಯಾಗೆ ಯಾರಿಗೂ ಕಿಡ್ನಿ ಇರಲಿಲ್ಲ ತಂಗಿ. ನಮ್ಮ ಮಾವಗಿರಲಿಲ್ಲ, ನಮ್ಮ ಯಜಮಾನ್ರಿಗಿರಲಿಲ್ಲ."

"ಎಲ್ರಿಗೂ ಎರಡೆರಡು ಇದ್ವಮ್ಮ," ಅಂದರು ಹೊರಗೆ ಕಾಯುತ್ತಿದ್ದ ಅಳಿಯ. ಮಗಳು ಅಷ್ಟರಲ್ಲೂ ನಕ್ಕಳು. ನನಗೆ ನಗು ಬರಲಿಲ್ಲ.

ನಮ್ಮನೆಯವರದು ಹರಿಹರದಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ. ಅವರಿಗೆ ಏನನ್ನು ಹೇಳಿದರೂ ಅದು ಗದ್ದೆಯ ಪೈಪಿನ ಲೆಕ್ಕಕ್ಕೇ ಬರುತ್ತದೆ. ಆ ಭಾನುವಾರ ಮಗಳು ಬಂದಾಗ ಸೀಮೆಸುಣ್ಣ ಹಿಡಿದು ಪಡಸಾಲೆಯ ನೆಲದ ಮೇಲೆ ಚಿತ್ರ ಬರೆದರು. "ನೋಡವ್ವ, ಇದು ತೊಟ್ಟಿ, ಇದು ಪೈಪು. ಇಲ್ಲೆಲ್ಲೋ ಪೈಪು ಸಣ್ಣ ಆಗೈತೆ. ಅದಕ್ಕೇ ನೀರು ಹಿಂದಕ್ಕೆ ನಿಂತೈತೆ. ಇದರಾಗೆ ಹೆದರೋದೇನೈತೆ?"

"ನನ್ನ ಹೊಟ್ಟೆ ಏನು ಬೋರ್‌ವೆಲ್ಲೇನಪ್ಪ?" ಅಂದಳು ಅವಳು. ಆದರೆ ಅವಳಿಗೆ ಅರ್ಥವಾದದ್ದು ಆ ಚಿತ್ರದಿಂದಲೇ. ನಾನು ಸಂಜೆ ನೆಲ ಒರೆಸುವಾಗ ಅದೊಂದನ್ನು ಬಿಟ್ಟು ಒರೆಸಿದೆ, ಆಮೇಲೆ ದಿನಾಲೂ ಹಾಗೆಯೇ. ಯಾಕೋ ಅಳಿಸಲು ಕೈ ಬರಲಿಲ್ಲ.

ಕುಬಸದ, ಅಂದರೆ ಸೀಮಂತದ, ಮಾತಾಡಲು ದಾವಣಗೆರೆಗೆ ಹೋದ ದಿನ ಎಲ್ಲ ತಿರುಗಿಬಿಟ್ಟಿತು. ಬೀಗಿತ್ತಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು. ನಾನು ಸಬ್ಬಸಿಗೆ ಸೊಪ್ಪು ಬಿಡಿಸುತ್ತ ಕೂತಿದ್ದೆ. ಅಳಿಯನ ತಂಗಿ, ಕಾಲೇಜಿಗೆ ಹೋಗುವ ಹುಡುಗಿ, ಗೋಡೆಗೆ ಒರಗಿ ಮೊಬೈಲ್ ನೋಡುತ್ತಿದ್ದವಳು, "ಅಮ್ಮಾ, ಅತ್ತಿಗೆ ಪಾಪುಗೆ ಆಗಿರೋದು ಗಂಡು ಮಕ್ಕಳಲ್ಲೇ ಜಾಸ್ತಿಯಂತೆ," ಅಂದಳು.

ಬೀಗಿತ್ತಿಯ ಕೈ ಮೊರದಲ್ಲೇ ನಿಂತಿತು. "ಏನಂದಿ? ಇನ್ನೊಂದ್ಸಲ ಓದು."

ಓದಿದಳು. ಮತ್ತೂ ಒಂದು ಸಲ ಓದಿಸಿದರು. ಆಮೇಲೆ ಎದ್ದು, ಮಟಮಟ ಮಧ್ಯಾಹ್ನ, ದೇವರ ಗೂಡಿನ ಮುಂದೆ ದೀಪ ಹಚ್ಚಿ ಬಂದರು.

"ಜಾಸ್ತಿ ಅಂದ್ರೆ ಹೆಣ್ಣಿಗೆ ಬರೋದೇ ಇಲ್ಲ ಅಂತಲ್ಲ ಅಕ್ಕ," ಅಂದೆ.

"ನೀನು ಸುಮ್ಮನಿರು ತಂಗಿ. ಗೋಡೆ ಮ್ಯಾಲೆ ಬೋರ್ಡ್ ಹಾಕ್ಯಾರಲ್ಲ, ಗಂಡೋ ಹೆಣ್ಣೋ ನಾವು ಹೇಳಂಗಿಲ್ಲ ಅಂತ. ಡಾಕ್ಟ್ರು ಹೇಳದಿದ್ರೆ ಏನಾತು? ಕಿಡ್ನೀನೇ ಹೇಳ್ತು."

ನಮ್ಮ ಕಡೆ ಹೊಟ್ಟೆಯಲ್ಲಿರುವ ಕೂಸಿಗೆ ಏನಾದರೂ ಊನ ಅಂದರೆ ಮೂರನೆಯವರ ಕಿವಿಗೆ ಬೀಳದಂತೆ ನೋಡಿಕೊಳ್ಳುತ್ತಾರೆ. ಕಣ್ಣು ತಾಗುತ್ತದೆ, ಮಾತು ಬೆಳೆಯುತ್ತದೆ. ಅಂಥದ್ದರಲ್ಲಿ ಬೀಗಿತ್ತಿ ಇದನ್ನು ಓಣಿಗೆಲ್ಲ ಹೇಳಿಕೊಂಡು ಬಂದರು. ಹೂವಿನಾಕೆಗೆ ಹೇಳಿದರು, ಹಿಟ್ಟಿನ ಗಿರಣಿಯಲ್ಲಿ ಪಾಳಿ ಹಚ್ಚಿ ನಿಂತಾಗ ಹೇಳಿದರು, ಹದಡಿಗೆ ಫೋನ್ ಮಾಡಿ ಹೇಳಿದರು. "ನಮ್ಮ ಮೊಮ್ಮಗಂಗೆ ಕಿಡ್ನ್ಯಾಗೆ ನೀರು ನಿಂತೈತೆ," ಅನ್ನುವಾಗ ಅವರ ದನಿ, ಮೊಮ್ಮಗನಿಗೆ ಕೆಲಸ ಸಿಕ್ಕಿತು ಅನ್ನುವವರ ದನಿಯಂತೆ ಇತ್ತು. ಕುಬಸದ ದಿನ ಹದಡಿಯಿಂದ ಬಂದ ಹೆಂಗಸರು ಮಗಳಿಗೆ ಉಡಿ ತುಂಬಿ, ನನ್ನ ಕಡೆ ತಿರುಗಿ, "ಕಿಡ್ನಿ ಊದೈತಂತಲ್ಲ, ಒಳ್ಳೇದಾತು ಬಿಡ್ರಿ," ಅಂದರು. ನಾನು ಹೂಂ ಅಂದೆ. ಅಷ್ಟು ಜನಕ್ಕೆ ಒಬ್ಬೊಬ್ಬರಿಗೇ ಬಿಡಿಸಿ ಹೇಳುವಷ್ಟು ತ್ರಾಣ ನನ್ನಲ್ಲಿ ಇರಲಿಲ್ಲ. ಹೋಳಿಗೆ ಬಡಿಸುವುದಿತ್ತು.

ಆಮೇಲೆ ಪ್ರತಿ ಸ್ಕ್ಯಾನಿಂಗಿಗೂ ಬೀಗಿತ್ತಿ ಹೊಸ ಸೀರೆ ಉಟ್ಟುಕೊಂಡೇ ಬಂದರು. ಬಲಗಡೆಯದು ಇಳಿಯುತ್ತ ಬಂತು. ಎಡಗಡೆಯದು ಇಳಿಯಲಿಲ್ಲ, ಒಮ್ಮೆ ಕೊಂಚ ಹೆಚ್ಚೇ ಆಯಿತು. ಡಾಕ್ಟರಮ್ಮ, "ನೋಡ್ತಾ ಇರೋಣ," ಅಂದರು. "ಹೆಚ್ಚಾಗೈತಂತೆ," ಅಂತ ಬೀಗಿತ್ತಿ ನನ್ನ ತೋಳು ಹಿಸುಕಿದರು, "ಗಟ್ಟಿ ಗಂಡು ನೋಡು." ಕೂಸಿನ ದಿಗಿಲನ್ನು ಹಂಚಿಕೊಳ್ಳಲು ಬಂದವರ ಜೊತೆ ಕೂತು ನಾನೊಬ್ಬಳೇ ದಿಗಿಲುಪಡಬೇಕಾಯಿತು. ದಣಿವು ಅನ್ನುವುದು ಬರೀ ಕೆಲಸದಿಂದ ಬರುವುದಲ್ಲ ಅಂತ ಆಗ ಗೊತ್ತಾಯಿತು.

ಹೆರಿಗೆಗೆ ತವರಿಗೆ ಬಂದ ಮಗಳಿಗೆ ಒಂದು ಮಧ್ಯಾಹ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ನನ್ನ ಮೊಣಕಾಲಿಗೆ ಒರಗಿಕೊಂಡು ಕೇಳಿದಳು. "ಅಮ್ಮ, ಹೆಣ್ಣಾದ್ರೆ?"

"ಹೆಣ್ಣಾದ್ರೆ ಹೆಣ್ಣು."

"ಅದಲ್ಲಮ್ಮ. ಹೆಣ್ಣಾದ್ರೆ ಅತ್ತೆ ಸ್ಕ್ಯಾನಿಂಗಿಗೆ ಬರ್ತಾರಾ? ಆಪರೇಶನ್ ಬೇಕು ಅಂದ್ರೆ ಮಾಡಿಸ್ತಾರಾ?"

ನಾನು ಎಣ್ಣೆಯನ್ನು ಇನ್ನಷ್ಟು ತಿಕ್ಕಿದೆ.

ಹೆರಿಗೆಯನ್ನು ಮಕ್ಕಳ ಡಾಕ್ಟರೂ ಇರುವ ಕಡೆ ಮಾಡಿಸಬೇಕು ಅಂತ ಹೇಳಿದ್ದರಿಂದ ದಾವಣಗೆರೆಯಲ್ಲೇ ಆಯಿತು. ನರ್ಸಮ್ಮ ಹೊರಗೆ ಬಂದು, "ಹೆಣ್ಣು ಮಗು, ತಾಯಿ ಆರಾಮಿದ್ದಾಳೆ," ಅಂದಳು. ನಾನು ಬೀಗಿತ್ತಿಯ ಮುಖ ನೋಡಲಾರದೆ ಅವರ ಚಪ್ಪಲಿ ನೋಡುತ್ತ ನಿಂತೆ.

ಅವರು ದೊಡ್ಡದಾಗಿ ಉಸಿರು ಬಿಟ್ಟು, "ಹಂಗಾದ್ರೆ ಕಿಡ್ನಿ ಸರಿ ಐತೆ ಅನ್ನು," ಅಂದರು.

ಸಿಟ್ಟಿನಿಂದ ಅಂದದ್ದಲ್ಲ, ಕುಹಕದಿಂದಲೂ ಅಲ್ಲ. ಅವರ ತಲೆಯಲ್ಲಿ ಅದು ಅಷ್ಟೇ ಸರಳವಾಗಿತ್ತು. ಆ ಬ್ಯಾನಿ ಗಂಡಿನದು, ಹುಟ್ಟಿದ್ದು ಹೆಣ್ಣು, ಅಲ್ಲಿಗೆ ಬ್ಯಾನಿ ಇಲ್ಲ. ಪೇಡೆ ತರಿಸಿ ವಾರ್ಡಿಗೆಲ್ಲ ಹಂಚಿದರು. ಕೂಸನ್ನು ಎತ್ತಿಕೊಂಡು ಮುದ್ದಾಡಿದರು. ಅವರು ಮುಖ ತಿರುವಿದ್ದರೆ ನನಗೆ ಜಗಳವಾಡಲು ಒಂದು ದಾರಿಯಾದರೂ ಇರುತ್ತಿತ್ತು.

ಮಕ್ಕಳ ಡಾಕ್ಟರು, "ಹುಟ್ಟಿದ ಕೂಡಲೇ ಮಾಡಿದ್ರೆ ಸರಿಯಾಗಿ ಕಾಣಲ್ಲ. ಮಗು ಹಾಲು ಕುಡಿದು, ಚೆನ್ನಾಗಿ ಮೂತ್ರ ಮಾಡೋಕೆ ಶುರು ಮಾಡಲಿ. ಒಂದು ವಾರ ಬಿಟ್ಟು ಸ್ಕ್ಯಾನಿಂಗಿಗೆ ಬನ್ನಿ, ತಪ್ಪಿಸಬೇಡಿ," ಅಂದರು. ಬೀಗಿತ್ತಿಗೆ ಅದು ಬೇಡದ ಮಾತಾಗಿ ಕಂಡಿತು.

"ಹಸಿ ಬಾಣಂತಿ ಹೊಸಿಲು ದಾಟ್ತಾಳೇನು? ಕೂಸಿಗೆ ಗಾಳಿ ಹೊಡಿಯೋದಿಲ್ಲೇನು? ಬ್ಯಾಡ ಬ್ಯಾಡ. ಅದು ಗಂಡು ಮಕ್ಕಳಿಗೆ ಬರೋದು, ಅವರೇ ಬರಕೊಂಡಾರಲ್ಲ ಮೊಬೈಲ್‌ನ್ಯಾಗೆ."

ಅಳಿಯ ನಮ್ಮ ಮನೆಗೆ ಬಂದು ಕಾಫಿ ಲೋಟ ತಿರುಗಿಸುತ್ತ ಕೂತರು. "ಅತ್ತೆ, ಅಮ್ಮ ಹಿಂಗಂತಾರೆ..."

"ನಿಮ್ಮಮ್ಮ ಹೇಳೋದು ಅವರ ಕಾಲದ್ದು. ಗಾಳಿ ತಾಗದಂಗೆ ನಾನು ಕರ್ಕೊಂಡು ಹೋಗ್ತೀನಿ. ನೀವು ರಜೆ ಹಾಕ್ರಿ," ಅಂದೆ. ಜಗಳ ಮಾಡಲಿಲ್ಲ. ಅಂಗಡಿಗೆ ಬರುವ ಗಿರಾಕಿಯೊಬ್ಬರ ಕಾರು ಕೇಳಿ, ಮಗಳ ಕಿವಿಗೆ ಹತ್ತಿ ಇಟ್ಟು, ತಲೆಗೆ ಸ್ಕಾರ್ಫ್ ಕಟ್ಟಿ, ಕೂಸನ್ನು ಕಂಬಳಿಯಲ್ಲಿ ಸುತ್ತಿ ಕರೆದೊಯ್ದೆ. ಬಲಗಡೆಯದು ಬಹುಪಾಲು ಸರಿಹೋಗಿತ್ತು. ಎಡಗಡೆಯದು ಊದಿಕೊಂಡೇ ಇತ್ತು. ಸೋಂಕು ತಾಗದಿರಲಿ ಅಂತ ದಿನಾ ಸಂಜೆ ಹಾಕಲು ಡ್ರಾಪ್ಸ್ ಬರೆದುಕೊಟ್ಟರು. ತಿಂಗಳು ಕಳೆದ ಮೇಲೆ ಮತ್ತೆ ಬರಲು ಹೇಳಿದರು.

ಬೀಗಿತ್ತಿಗೆ ಫೋನಿನಲ್ಲಿ ಹೇಳಿದೆ. "ಹೌದಾ," ಅಂದರು. ಅವರ ಮನೆಯ ಕುಕ್ಕರ್ ಕೂಗಿತು. ಫೋನ್ ಇಟ್ಟರು.

ಅಂದಿನಿಂದ ಅವರು ಹರಿಹರದ ಕಡೆ ಬರಲಿಲ್ಲ. ಅಳಿಯ ಭಾನುವಾರ ಭಾನುವಾರ ಬಂದು ಹೋಗುತ್ತಿದ್ದರು. ಬೀಗಿತ್ತಿ ಅವರ ಕೈಯಲ್ಲಿ ಅಂಟಿನುಂಡೆ ಕಳಿಸುತ್ತಿದ್ದರು, ತಾವು ಬರುತ್ತಿರಲಿಲ್ಲ. ತೊಟ್ಟಿಲಿಗೆ ಹಾಕುವ ಮಾತೆತ್ತಿದರೆ, "ಮುಂದೆ ನೋಡೋಣ ಅಂದ್ರು ಅಮ್ಮ," ಅನ್ನುತ್ತಿದ್ದರು ಅಳಿಯ. ಆಟೋ ಸದ್ದಾದರೆ ಮಗಳು ಕಿಟಕಿಯ ಕಡೆ ನೋಡುತ್ತಿದ್ದಳು. ಹೆಣ್ಣು, ಮೇಲೆ ಬ್ಯಾನಿ ಬೇರೆ, ಇನ್ನೇಕೆ ಬರುತ್ತಾರೆ ಅಂತ ನಾನು ಒಳಗೊಳಗೇ ತೀರ್ಮಾನ ಮಾಡಿಬಿಟ್ಟಿದ್ದೆ. ಲಂಗೋಟಿ ಹಿಂಡುವಾಗೆಲ್ಲ ಅದೇ ಯೋಚನೆ. ಇವತ್ತು ಆಪರೇಶನ್ ಅಂದುಬಿಟ್ಟರೆ ಈ ಕೂಸಿನ ಬೆನ್ನಿಗೆ ನಾವಿಬ್ಬರು ಮುದುಕರಾಗುತ್ತಿರುವವರು, ಮತ್ತು ತಾಯಿಯ ಮಾತು ಮೀರಲಾರದ ಅಳಿಯ. ಇಷ್ಟೇ.

ಇವತ್ತು ನಮ್ಮನೆಯವರಿಗೆ ಬರಲಾಗಲಿಲ್ಲ. ನಂದಿಗುಡಿಯ ರೈತರೊಬ್ಬರು ಸುಟ್ಟ ಮೋಟಾರು ಇಳಿಸಿ, ಭತ್ತಕ್ಕೆ ನೀರಿಲ್ಲ ಅಂತ ಅಂಗಡಿ ಮುಂದೆಯೇ ಕೂತುಬಿಟ್ಟಿದ್ದರು. ನಾವು ಮೂವರೇ ಆಟೋದಲ್ಲಿ ಹೋದೆವು. ಅಳಿಯ ಕರೂರಿನಿಂದ ನೇರ ಆಸ್ಪತ್ರೆಗೆ ಬರುವುದು ಅಂತ ಮಾತಾಗಿತ್ತು.

ಆಸ್ಪತ್ರೆಯ ಮೆಟ್ಟಿಲ ಮೇಲೆ, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಬೀಗಿತ್ತಿ ಕೂತಿದ್ದರು. ಮನೆಯಲ್ಲಿ ಉಡುವ ಹಳೆಯ ಸೀರೆ. ನಾವು ಇಳಿದದ್ದು ನೋಡಿ ಎದ್ದು ನಿಂತರು. ಮಗಳ ಕೈಯಿಂದ ಚೀಲ ತೆಗೆದುಕೊಂಡರು, ಕೂಸನ್ನು ಕೇಳಲಿಲ್ಲ.

"ಯಾವಾಗ ಬಂದ್ರಿ ಅತ್ತೆ?" ಅಂದಳು ಮಗಳು.

"ಈಗ ಬಂದೆ," ಅಂದರು. ಪಕ್ಕದಲ್ಲಿ ಕೂತಿದ್ದ ಎಳನೀರಿನವ, "ಬಾಗಿಲು ತೆಗಿಯೋಕೆ ಮುಂಚೆಯಿಂದ ಕುಂತಾರೆ," ಅಂತ ಹೇಳಿಬಿಟ್ಟ.

ಸ್ಕ್ಯಾನಿಂಗ್ ಡಾಕ್ಟರು ಕೂಸಿನ ಹೊಟ್ಟೆಗೆ ತಣ್ಣನೆಯದನ್ನು ಹಚ್ಚಿ ನೋಡಿದರು. ಕೂಸು ಕಿರುಚಿತು. "ಮೂತ್ರದ ಚೀಲ ತುಂಬಿದೆ. ಈಗ ನೋಡಿದ್ದು ಸಾಲದು. ಮಗು ಮೂತ್ರ ಮಾಡಿದ ಮೇಲೆ ಇನ್ನೊಮ್ಮೆ ನೋಡಬೇಕು. ಆದ ಕೂಡಲೇ ಕರ್ಕೊಂಡು ಬನ್ನಿ," ಅಂದರು.

ಮನೆಯಲ್ಲಿ ಲಂಗೋಟಿ ಕಟ್ಟಿ ಕೈ ತೆಗೆಯುವಷ್ಟರಲ್ಲಿ ಒದ್ದೆ ಮಾಡುವ ಕೂಸು ಇವತ್ತು ಮಾಡಲೊಲ್ಲದು. ಮಗಳು ಹಾಲು ಕುಡಿಸಿದಳು. ಕುಡಿದು ಮಲಗಿತು. ಎಬ್ಬಿಸಿದೆವು. ನಮ್ಮನ್ನು ನೋಡಿ ಆಕಳಿಸಿತು. ನಮ್ಮ ಹಿಂದೆ ಬಂದವರೆಲ್ಲ ಒಳಗೆ ಹೋಗಿ ಹೊರಗೆ ಬಂದರು. ಅಳಿಯ ಬಂದು ಸೇರಿಕೊಂಡವರು ಹತ್ತು ಸಲ ಲಂಗೋಟಿ ಮುಟ್ಟಿ ನೋಡಿದರು. ಎದುರು ಬೆಂಚಿನ ಹೆಂಗಸು, "ನಮ್ಮದು ಡಾಕ್ಟ್ರ ಮ್ಯಾಲೇ ಹೊಯ್ದುಬಿಡ್ತು. ನಿಮ್ಮದು ಭಾರಿ ಮರ್ಯಾದಸ್ಥೆ ಕಣ್ರಿ," ಅಂದಳು. ಐದು ತಿಂಗಳ ಹೊಟ್ಟೆಯಿಂದ ಇಲ್ಲಿಯವರೆಗೆ ಕಾದದ್ದು ಒಂದು ತೂಕ, ಆ ಬೆಂಚಿನ ಮೇಲೆ ಕಾದದ್ದು ಒಂದು ತೂಕ ಅನಿಸಿತು ನನಗೆ.

ಆಗ ಬೀಗಿತ್ತಿ ಎದ್ದರು. ಕಾರಿಡಾರಿನ ತುದಿಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, ಸೀರೆಯನ್ನು ಮೊಣಕಾಲ ತನಕ ಎಳೆದುಕೊಂಡು, ಎರಡೂ ಕಾಲು ಉದ್ದಕ್ಕೆ ಚಾಚಿದರು. ಕೂಸಿಗೆ ಎರೆಯಲು ಕೂರುತ್ತೇವಲ್ಲ, ಹಾಗೆ.

"ತಾ ಇಲ್ಲಿ," ಅಂದರು.

ಮಗಳು ನನ್ನ ಮುಖ ನೋಡಿದಳು. ನಾನು ಕೊಡು ಅಂತ ಕಣ್ಣಲ್ಲೇ ಸನ್ನೆ ಮಾಡಿದೆ.

ಲಂಗೋಟಿ ಬಿಚ್ಚಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡರು. ಆಸ್ಪತ್ರೆಯ ಆಯಾ ಓಡಿ ಬಂದಳು. "ಅಜ್ಜೀ, ಇಲ್ಲಿ ಕೂಡಂಗಿಲ್ರಿ, ಓಡಾಡೋ ಜಾಗ. ಏಳ್ರಿ."

"ಉಚ್ಚೆ ಹೊಯ್ಸ್ರಿ ಅಂತ ನಿಮ್ಮ ಡಾಕ್ಟ್ರೇ ಹೇಳ್ಯಾರೆ. ನೀನು ಹೊಯ್ಸ್ತೀಯೇನು? ಹಂಗಾದ್ರೆ ಏಳ್ತೀನಿ."

ಆಯಾ ಸೊಂಟದ ಮೇಲೆ ಕೈಯಿಟ್ಟು ನಿಂತವಳು ಆಮೇಲೆ ತಾನೇ ಒಂದು ಹಳೆ ಬಟ್ಟೆ ತಂದು ಪಕ್ಕದಲ್ಲಿ ಹಾಕಿ ಹೋದಳು.

ಬೀಗಿತ್ತಿ ಚೀಲದಿಂದ ಫ್ಲಾಸ್ಕ್ ತೆಗೆಸಿ, ಉಗುರುಬೆಚ್ಚಗಿನ ನೀರಲ್ಲಿ ಬೆರಳು ಅದ್ದಿ ಕೂಸಿನ ಅಂಗಾಲಿಗೆ ಸವರಿದರು. ಕೆಳಹೊಟ್ಟೆಯ ಮೇಲೆ ಮೆಲ್ಲಗೆ ಕೈಯಾಡಿಸುತ್ತ, "ಸ್ಸ್... ಸ್ಸ್..." ಅನ್ನತೊಡಗಿದರು. ನಾನು ಅವರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ. ಕೂಸಿನ ಮೇಲಿಂದ ಕಣ್ಣು ತೆಗೆಯದೆ, ಸ್ಸ್ ಸ್ಸ್ ನಡುವೆಯೇ ಅವರು ಮಾತಾಡಿದರು.

"ಊರಿಗೆಲ್ಲ ಹೇಳ್ಕೊಂಡು ತಿರುಗಿದ್ನಲ್ಲ ತಂಗಿ. ಈಗ ಹೂವಿನಾಕಿ ಕೇಳ್ತಾಳೆ, ಗಿರಣ್ಯಾಗೆ ಕೇಳ್ತಾರೆ, ಮೊಮ್ಮಗನ ಕಿಡ್ನಿ ಹೆಂಗೈತೆ ಅಂತ. ಮೊಮ್ಮಗ ಅಲ್ಲ, ಮೊಮ್ಮಗಳು ಅಂದ್ರೆ, ಹಂಗಾದ್ರೆ ಆ ಬ್ಯಾನಿ ಇಲ್ಲ ಬಿಡು ಅಂತ ನಗ್ತಾರೆ. ನಾನೇ ಕಲಿಸಿದ ಮಾತು, ನನಗೇ ಹೇಳ್ತಾರೆ. ಐತೆ ಅನ್ನೋಕೆ ಬಾಯಿ ಬರಲಿಲ್ಲ. ಹಿಟ್ಟು ಬೀಸೋಕೆ ಈಗ ದೂರದ ಗಿರಣಿಗೆ ಹೋಗ್ತೀನಿ."

ನಾನು ಫ್ಲಾಸ್ಕಿನ ಮುಚ್ಚಳಕ್ಕೆ ಇನ್ನಷ್ಟು ನೀರು ಬಗ್ಗಿಸಿದೆ.

"ನಿಮ್ಮ ಮನೆಗೆ ಹೆಂಗೆ ಬರ್ಲಿ? ಇದರ ಬ್ಯಾನಿಗೆ ದೀಪ ಹಚ್ಚಿದೋಳು ನಾನು. ಸ್ಸ್... ಸ್ಸ್... ಯಾವ ಮಕ ಇಟ್ಕೊಂಡು ಎತ್ಕೊಳ್ಲಿ?"

ಇಷ್ಟು ದಿನ ಅವರಿಗೆ ಹೇಳಬೇಕೆಂದು ನಾನು ಎಷ್ಟೋ ಮಾತು ಕಟ್ಟಿಟ್ಟುಕೊಂಡಿದ್ದೆ. ಒಂದೂ ನೆನಪಿಗೆ ಬರಲಿಲ್ಲ. ಕಾಲು ಜೋಮು ಹಿಡಿದಿತ್ತು.

"ಈಗ ಮೊದಲು ಹೊಯ್ಸ್ರಿ ಅಕ್ಕ," ಅಂದೆ.

ಅವರು ಮೂಗು ಒರೆಸಿಕೊಂಡು ಮತ್ತೆ ಬೆರಳು ಅದ್ದಿದರು. ಕೂಸು ಹಣೆ ಗಂಟಿಕ್ಕಿ, ಕಾಲೆರಡನ್ನೂ ಮೇಲಕ್ಕೆಳೆದುಕೊಂಡು, ಹೊಯ್ದಿತು. ಬೀಗಿತ್ತಿಯ ಕಾಲ ಮೇಲಿಂದ ಹರಿದು ಸೀರೆಯೆಲ್ಲ ನೆನೆಯಿತು. "ಆತು ಆತು ಆತು! ಓಡು!" ಅಂತ ಅವರು ಕೂಗಿದ್ದಕ್ಕೆ ಬೆಂಚಿನವರೆಲ್ಲ ಎದ್ದು ನಿಂತರು. ಅಳಿಯ ಕೂಸನ್ನು ಬರಿ ಮೈಯಲ್ಲೇ ಎತ್ತಿಕೊಂಡು ಓಡಿದರು. ಹಿಂದೆ ಮಗಳು, ಅವಳ ಹಿಂದೆ ಲಂಗೋಟಿ ಹಿಡಿದು ನಾನು.

ಡಾಕ್ಟರು ನೋಡುವಾಗ ಬೀಗಿತ್ತಿ ಒದ್ದೆ ಸೀರೆಯಲ್ಲೇ ಬಾಗಿಲಿಗೆ ಬಂದು ನಿಂತರು. ಬಲಗಡೆಯದು ಪೂರ್ತಿ ಸರಿಯಾಗಿದೆ. ಎಡಗಡೆಯದು ಹೋದ ಸಲಕ್ಕಿಂತ ಕೊಂಚ ಇಳಿದಿದೆ, ಇನ್ನೂ ಇದೆ. "ಸದ್ಯಕ್ಕೆ ಆಪರೇಶನ್ ಮಾತಿಲ್ಲ. ಮುಂದೆ ಬೇಡವೇ ಬೇಡ ಅಂತಲೂ ಹೇಳಲ್ಲ. ಡ್ರಾಪ್ಸ್ ನಿಲ್ಲಿಸಬೇಡಿ. ಜ್ವರ ಬಂದ್ರೆ ತಕ್ಷಣ ಬನ್ನಿ. ಇಲ್ಲಾಂದ್ರೆ ಮೂರು ತಿಂಗಳಿಗೆ ಬನ್ನಿ, ನೋಡ್ತಾ ಇರೋಣ."

ಬೀಗಿತ್ತಿ ಬಾಗಿಲಿನಿಂದಲೇ ಕೇಳಿದರು. "ಡಾಕ್ಟ್ರೇ, ಇದು ಹೆಣ್ಣು ಮಕ್ಕಳಿಗೂ ಬರ್ತೈತೇನ್ರಿ?"

"ಬರುತ್ತಲ್ಲಮ್ಮ. ಯಾಕೆ?"

"ಏನಿಲ್ಲ, ಕೇಳೋರಿಗೆ ಹೇಳ್ಬೇಕು," ಅಂದರು.

ಅಳಿಯ ಫ್ಯಾಕ್ಟರಿಗೆ ತಿರುಗಿ ಹೋದರು. ನಾವು ಆಟೋ ಹತ್ತಿದಾಗ ಬೀಗಿತ್ತಿ ಯಾರನ್ನೂ ಕೇಳದೆ ಪಕ್ಕಕ್ಕೆ ಸರಿದು ಕೂತರು. ನಿಮ್ಮ ಮನೆ ಇಲ್ಲೇ ಹತ್ತಿರ, ಸೀರೆಯಾದರೂ ಬದಲಾಯಿಸಿ ಬರ್ರಿ ಅಂದೆ. "ಆರ್ತೈತೆ ಬಿಡು," ಅಂದರು. ಹರಿಹರ ಮುಟ್ಟುವಷ್ಟರಲ್ಲಿ ಆರಿತ್ತು. ದಾರಿಯುದ್ದಕ್ಕೂ ಕೂಸು ಅವರ ತೊಡೆಯ ಮೇಲೆಯೇ ಇತ್ತು. ಮಗಳು ಕಿವಿಯ ಹತ್ತಿ ಸರಿಮಾಡಿಕೊಂಡು, ಸೀಟಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದಳು. ಅವಳು ಅಷ್ಟು ಸಡಿಲವಾಗಿ ಕೂತದ್ದನ್ನು ಈಚೆಗೆ ನಾನು ಕಂಡಿರಲಿಲ್ಲ.

ಸಂಜೆಯ ಡ್ರಾಪ್ಸ್ ಬೀಗಿತ್ತಿಯೇ ಹಾಕಿದರು. ನಾನು ಕೂಸಿನ ಗಲ್ಲ ಹಿಡಿದೆ. ನಮ್ಮನೆಯವರು ಬಂದು ರಿಪೋರ್ಟನ್ನು ದೀಪದ ಕೆಳಗೆ ಹಿಡಿದು, ಅರ್ಥವಾಗದಿದ್ದರೂ ಪೂರ್ತಿ ನೋಡಿ, "ಇಳೀತೈತೆ ಅಂದ್ರಲ್ಲ, ಸಾಕು," ಅಂದರು. ಪಡಸಾಲೆಯ ನೆಲದ ಚಿತ್ರ ಅಲ್ಲಲ್ಲಿ ಅಳಿಸಿ ಈಗ ಪೈಪು ಮಾತ್ರ ಉಳಿದಿದೆ. ಬೀಗಿತ್ತಿ ಅದೇನು ಅಂತ ಕೇಳಿದರು. ನಮ್ಮನೆಯವರು ಮತ್ತೆ ಮೊದಲಿಂದ ಹೇಳಲು ಕೂತರು. ನಾನು ಅಡುಗೆಮನೆಗೆ ಹೋದೆ.

ರಾತ್ರಿಗೆ ಅನ್ನ, ಬೇಳೆ ಸಾರು, ಬೆಳಗಿನ ಎರಡು ರೊಟ್ಟಿ, ಶೇಂಗಾ ಚಟ್ನಿ. ಬಾಣಂತಿಗೆ ಮಾತ್ರ ಬಿಸಿ ರೊಟ್ಟಿ ತಟ್ಟಿದೆ. ಬೀಗಿತ್ತಿ ತಣ್ಣನೆ ರೊಟ್ಟಿಯನ್ನೇ ಸಾರಿನಲ್ಲಿ ನೆನೆಸಿಕೊಂಡು ಉಂಡರು. ಮೊದಲು ಮಲಗಿದವರೂ ಅವರೇ. ಬಾಯಿ ತುಸು ತೆರೆದು, ಒಂದು ಕೈಯನ್ನು ಕೂಸಿನ ಲಂಗೋಟಿಯ ಮೇಲಿಟ್ಟುಕೊಂಡು. ಆಮೇಲೆ ಮಗಳು, ಆಮೇಲೆ ನಮ್ಮನೆಯವರು. ಕೂಸು ಇನ್ನೂ ಎಚ್ಚರವಿದೆ. ಈಗಷ್ಟೇ ಒದ್ದೆ ಮಾಡಿತು, ಬದಲಾಯಿಸಿ ಬಂದೆ.